‘ಕನ್ನಡಿಗರ ಕರ್ಮಕಥೆ’ಯೂ ನಮ್ಮೂರ ಮಾತೂ

ಏನಾದ್ರೂ ಬರೆದು ತುಂಬಾ ದಿನ ಆಗಿತ್ತು. ಈ ಸಲ ಬೇಸಿಗೇಲಿ ಊರಿಗೆ ಹೋದಾಗ ಒಂದು ಪುಸ್ತಕ ಕೈಗೆ ಸಿಕ್ಕಿತು. ಓದ್ತಾ ಓದ್ತಾ ಎಷ್ಟು ಸಿಟ್ಟು ಬಂತೋ ಅಷ್ಟೇ ಖುಷಿನೂ ಆಯ್ತು. ಹಾಗಾಗಿ ಬರೀಲೇಬೇಕು ಅನ್ನಿಸ್ತು.

ನನ್ನ ಊರು ತುಬಚಿ. ಜಮಖಂಡಿ ತಾಲೂಕು, ಬಾಗಲಕೋಟೆ ಜಿಲ್ಲೆ. ತುಬಚಿ-ಬಬಲೇಶ್ವರ ಏತ ನೀರಾವರಿ ಅಂತ ಪೇಪರಿನಲ್ಲಿ ಓದಿರ್ತೀರಲ್ಲ, ಅದೇ ತುಬಚಿ. ಕೃಷ್ಣೆಯ ಸೀಮೆ, ಕಬ್ಬಿನ ಸೀಮೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ತಾಲೂಕಿನ ನದಿದಂಡೆಯ ಹಳ್ಳಿಗಳಿಗೆಲ್ಲ ನೀರು ನುಗ್ಗಿತ್ತು. ಆಗ ನಮ್ಮ ಮನೆಯವರು ಗಾಬರಿಯಾಗಿ ಸಿಕ್ಕಿದ್ದನ್ನೆಲ್ಲ ಅಟ್ಟಕ್ಕೇರಿಸಿದ್ರು. ಅದರಲ್ಲಿ ಅಜ್ಜನ ಟ್ರಂಕೂ ಒಂದು. ಆಮೇಲೆ ಅದನ್ನ ಕೆಳಗಿಳಿಸೋ ಉಸಾಬರಿಗೆ ಯಾರೂ ಹೋಗಿರಲಿಲ್ಲ. ಈ ಸಲ ನಾನೇ ಇಳಿಸಿದೆ. ಹೊಲದ ಕಾಗದಪತ್ರ, ಹಳೇ ಪಂಚಾಂಗಗಳು, ಒಂದು ಹರಿದ ಭಗವದ್ಗೀತೆ... ಅವುಗಳ ಕೆಳಗೆ ರಟ್ಟಿಲ್ಲದ, ಮೊದಲ ಹಾಳೆಗಳೂ ಇಲ್ಲದ ಒಂದು ದಪ್ಪ ಪುಸ್ತಕ. ಪುಟದ ತಲೆಯ ಮೇಲೆ ಹೆಸರಿತ್ತು: ಕನ್ನಡಿಗರ ಕರ್ಮಕಥೆ.

ಗಳಗನಾಥರ ಕಾದಂಬರಿ! ಕಾಲೇಜಿನಲ್ಲಿ ಸಾಹಿತ್ಯ ಚರಿತ್ರೆಯ ಪ್ರಶ್ನೆಪತ್ರಿಕೆಗೆ ಅಂತ ಬಾಯಿಪಾಠ ಮಾಡಿದ್ದ ಹೆಸರು. ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869, ತೀರಿಕೊಂಡಿದ್ದು 1942. ತಮ್ಮ ಪುಸ್ತಕದ ಗಂಟನ್ನ ತಾವೇ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮಜ್ಜ ಇದನ್ನ ಯಾರ ಹತ್ತಿರ ಕೊಂಡರೋ ಗೊತ್ತಿಲ್ಲ. ಗಳಗನಾಥರ ಗಂಟಿನಿಂದಲೇ ನೇರವಾಗಿ ಬಂದಿರಬಹುದು ಅಂತ ಅಂದ್ಕೊಂಡ್ರೆ ನನಗೇನೂ ನಷ್ಟ ಇಲ್ಲವಲ್ಲ :-)

ಕಥೆ ಗೊತ್ತಿಲ್ಲದವರಿಗೆ ಚೂರು ಹೇಳ್ತೀನಿ. ಇದು ವಿಜಯನಗರದ ಪತನದ ಕಥೆ. ಮರಾಠಿಯ ಹರಿ ನಾರಾಯಣ ಆಪಟೆ (1864–1919) ಬರೆದ ‘ವಜ್ರಾಘಾತ’ ಅನ್ನೋ ಕಾದಂಬರಿ ಇದಕ್ಕೆ ಮೂಲ. ರಾಮರಾಜ ಅಂದ್ರೆ ನಮ್ಮ ಅಳಿಯ ರಾಮರಾಯ. ತಾರುಣ್ಯದಲ್ಲಿ ಅವನು ಮೆಹರ್ಜಾನ ಅನ್ನೋ ಮುಸಲ್ಮಾನ ಹುಡುಗಿಯನ್ನ ಪ್ರೀತಿಸ್ತಾನೆ. ಆಮೇಲೆ ಅಧಿಕಾರದ ಆಸೆಗೆ ಅವಳನ್ನ ಕೈಬಿಟ್ಟು ರಾಜನ ಮಗಳನ್ನ ಮದುವೆಯಾಗ್ತಾನೆ. ಮೆಹರ್ಜಾನಳ ಮಗ ರಣಮಸ್ತಖಾನ ವಿಜಾಪುರದ ಕಡೆಯವನಾಗಿ ಬೆಳೀತಾನೆ. ಮುಂದೆ ರಕ್ಕಸತಂಗಡಿಯಲ್ಲಿ ಏನಾಯ್ತು ಅಂತ ನಿಮಗೇ ಗೊತ್ತು. ಹೇಗಾಯ್ತು ಅಂತ ನಾನು ಹೇಳಲ್ಲ, ಓದೋರಿಗೆ ಏನಾದ್ರೂ ಉಳೀಬೇಕಲ್ಲ.

ಇತಿಹಾಸದಲ್ಲಿ ಮೆಹರ್ಜಾನ ಇಲ್ಲ, ರಣಮಸ್ತಖಾನನೂ ಇಲ್ಲ. ಒಂದು ಸಾಮ್ರಾಜ್ಯ ಬಿದ್ದಿದ್ದು ಒಬ್ಬ ಹೆಣ್ಣಿಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ಅನ್ನೋದು ಅಪ್ಪಟ ಕಲ್ಪನೆ. ಆದ್ರೂ ರಾತ್ರಿ ಎರಡರ ತನಕ ಕೂತು ಓದಿದೆ. ಕರೆಂಟು ಹೋದ ಮೇಲೆ ಮೊಬೈಲಿನ ಬೆಳಕಲ್ಲಿ ಓದಿದೆ!

ಸಿಟ್ಟು ಬಂದಿದ್ದು ಮಾತಿಗೆ. ಅವರು ಆಡೋ ಮಾತಿಗೆ.

ನಮ್ಮ ಐತಿಹಾಸಿಕ ಕಾದಂಬರಿ, ನಾಟಕ, ಸಿನಿಮಾಗಳಲ್ಲಿ ಬರೋ ಆ ಒಂದು ಕನ್ನಡ ನಿಮಗೆಲ್ಲ ಗೊತ್ತಿರುತ್ತೆ. ಯಾವ ಪುಸ್ತಕದಿಂದಲೂ ಎತ್ತಿಕೊಳ್ಳದೆ ನಾನೇ ಒಂದು ಸಾಲು ಕಟ್ಟಿ ತೋರಿಸ್ತೀನಿ: “ಎಲೈ ಸೇವಕನೇ, ನಮ್ಮ ಅಂತಃಕರಣವು ಇಂದು ಅತೀವ ಕ್ಷೋಭೆಗೊಳಗಾಗಿರುವುದು, ಆದ್ದರಿಂದ ತ್ವರಿತವಾಗಿ ಜಲವನ್ನು ತೆಗೆದುಕೊಂಡು ಬಾ.” ಅಂದ್ರೆ ನೀರಡಿಕೆ ಆಗಿದೆ, ಅಷ್ಟೇ. ಇಂಗ್ಲಿಷಿನಲ್ಲೂ ಈ ರೋಗ ಇದೆ. ವಾಲ್ಟರ್ ಸ್ಕಾಟ್ 1819ರಲ್ಲಿ ‘ಐವಾನ್‌ಹೋ’ ಬರೆದ ಮೇಲೆ ಅಲ್ಲಿನ ಕಾದಂಬರಿಗಳ ವೀರರೆಲ್ಲ ಅರೆಹಳೇ ಇಂಗ್ಲಿಷಿನಲ್ಲಿ ಮಾತಾಡೋಕೆ ಶುರುಮಾಡಿದ್ರು. 1883ರಲ್ಲಿ ‘ದಿ ಬ್ಲ್ಯಾಕ್ ಆರೋ’ ಬರೀತಿದ್ದ ಸ್ಟೀವನ್‌ಸನ್ ತನ್ನ ಆ ಪುಸ್ತಕವನ್ನೇ ಗೇಲಿ ಮಾಡಿಕೊಂಡು ಆ ಭಾಷೆಗೆ ‘ಟಶರಿ’ ಅಂತ ಹೆಸರಿಟ್ಟ. ಮಾತಿಗೊಂದು ಸಲ ಪಾತ್ರಗಳು ‘ಟಶ್’ ಅಂತಾವಲ್ಲ, ಅದಕ್ಕೆ. ನಾವು ನಮ್ಮದನ್ನ ‘ಎಲೈಗಿರಿ’ ಅಂತ ಕರೀಬಹುದೇನೋ.

ಎಲೈಗಿರಿ ಕಂಡ್ರೆ ನನಗೆ ಆಗದೇ ಇರೋದಕ್ಕೆ ಒಂದು ಖಾಸಗಿ ಕಾರಣನೂ ಇದೆ. ಶಾಲೆಯಲ್ಲಿದ್ದಾಗ ಒಂದು ನಾಟಕ ಮಾಡಿಸಿದ್ರು, ವಿಜಯನಗರದ್ದೇ. ನನಗೆ ದೂತನ ಪಾತ್ರ. ಒಂದೇ ಒಂದು ಮಾತು. ಓಡಿಬಂದು ಶತ್ರುಸೈನ್ಯ ಸಮೀಪಿಸಿದೆ ಅಂತ ಹೇಳಬೇಕು. ಗಾಬರಿಯಲ್ಲಿ ನನ್ನ ಬಾಯಿಂದ ಬಂದಿದ್ದು “ಮಹಾರಾಜರ, ವೈರ್‍ಯಾರು ಹೊಳಿ ದಾಟಿ ಬರಾಕತ್ತ್ಯಾರ್ರೀ!” ತಾಲೀಮು ನೋಡ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮರುದಿನ ಆ ಪಾತ್ರ ಬೇರೆ ಹುಡುಗನಿಗೆ ಹೋಯ್ತು. ನಾನು ಪರದೆ ಎಳೆಯೋ ಕೆಲಸಕ್ಕೆ. ದೊಡ್ಡ ವಿಷಯ ಏನಲ್ಲ, ಆದ್ರೆ ಇತಿಹಾಸದಲ್ಲಿ ನಮ್ಮ ಮಾತಿಗೆ ಜಾಗ ಇಲ್ಲ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಅದು ತಪ್ಪು ತಿಳುವಳಿಕೆ ಅಂತ ತಿಳಿಯೋಕೆ ತುಂಬಾ ವರ್ಷ ಬೇಕಾಯ್ತು.

ಈಗ ಲೆಕ್ಕ ಹಾಕಿ ನೋಡಿ. ಕದನ ನಡೆದಿದ್ದು 1565ರ ಜನವರಿ 23ಕ್ಕೆ, ಇದೇ ಕೃಷ್ಣೆಯ ಸೀಮೆಯಲ್ಲಿ. ನಮ್ಮೂರ ಕಡೆಯಿಂದ ಹರಿದುಹೋಗೋ ನೀರು ಆಲಮಟ್ಟಿ ದಾಟಿದ ಮೇಲೆ ಸಿಗೋ ರಕ್ಕಸಗಿ, ತಂಗಡಗಿ ಅನ್ನೋ ಎರಡು ಊರಿನ ಹೆಸರು ಸೇರಿ ರಕ್ಕಸತಂಗಡಿ ಆಯ್ತು ಅಂತಾರೆ. ಸರಿಯಾಗಿ ಯಾವ ಬಯಲಲ್ಲಿ ಅನ್ನೋದರ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ಅದೇನೇ ಇರ್ಲಿ, ಆವತ್ತು ಈ ದಂಡೆಯಿಂದ ಸುದ್ದಿ ಹೊತ್ತು ಓಡಿದ ದೂತ ಆಡಿದ್ದು ‘ಸಮೀಪಿಸಿರುವುದು’ ಅನ್ನೋ ಕನ್ನಡವಂತೂ ಅಲ್ಲ.

ಹಾಗಾದ್ರೆ ಆಗಿನ ಕನ್ನಡ ಹೇಗಿತ್ತು? ಒಂದಿಷ್ಟು ಗೊತ್ತಾಗುತ್ತೆ. ಪುರಂದರದಾಸರು ತೀರಿಕೊಂಡಿದ್ದು 1564ರಲ್ಲಿ, ಕದನಕ್ಕೆ ಒಂದೇ ವರ್ಷ ಮೊದಲು. ಅವರ ಹಾಡುಗಳಲ್ಲಿ ಅಡುಗೆಮನೆ ಇದೆ, ಸಂತೆ ಇದೆ, ಸಾಲಗಾರ ಇದ್ದಾನೆ, ಮಗುವನ್ನ ಗದರೋ ತಾಯಿ ಇದ್ದಾಳೆ. ಇವತ್ತಿಗೂ ಪದಕೋಶ ಇಲ್ಲದೆ ಅರ್ಥ ಆಗುತ್ತೆ. ಹಾಡಿಗೆ ಹದ ಮಾಡಿದ ಭಾಷೆ ಅದು, ಒಪ್ತೀನಿ. ಆದ್ರೆ ಕಾದಂಬರಿಯ ಅಂತಃಪುರದ ಕನ್ನಡಕ್ಕಿಂತ ಅದು ವಿಜಯನಗರದ ಬೀದಿಗೆ ಸಾವಿರಪಟ್ಟು ಹತ್ತಿರ. ನಾವು ‘ಪ್ರಾಚೀನ’ ಅಂದ್ಕೊಂಡಿರೋ ಮಾತು ನಿಜವಾಗಿ ಪ್ರಾಚೀನದ್ದಲ್ಲ. ನೂರು ನೂರಿಪ್ಪತ್ತು ವರ್ಷದ ಹಿಂದೆ ಕಾದಂಬರಿಗಳೂ ಕಂಪನಿ ನಾಟಕಗಳೂ ಸೇರಿ ಕಟ್ಟಿದ್ದು.

ಹಿಂದಿನವರು ಹೀಗೆ ಮಾಡ್ತಿರಲಿಲ್ಲ ಅನ್ನೋದು ಇನ್ನೂ ಮಜಾ. ನಮ್ಮ ಪಕ್ಕದ ಮುಧೋಳದ ರನ್ನ ಸಾವಿರ ವರ್ಷದ ಹಿಂದೆ ಗದಾಯುದ್ಧ ಬರೆದ. ದ್ವಾಪರಯುಗದ ಕಥೆ ಅಂತ ಭೀಮನ ಬಾಯಿಗೆ ದ್ವಾಪರದ ನಕಲಿ ಕನ್ನಡ ಹಾಕಲಿಲ್ಲ. ಭೀಮನನ್ನೇ ತನ್ನ ಕಾಲದ ಚಾಲುಕ್ಯ ಸತ್ಯಾಶ್ರಯನಾಗಿ ಮಾಡಿ, ತನ್ನ ಕಾಲದ ಕನ್ನಡದಲ್ಲೇ ಮಾತಾಡಿಸಿದ. ಅದಕ್ಕೂ ಹಿಂದೆ, ಸುಮಾರು 850ರ ಕವಿರಾಜಮಾರ್ಗ ಇದೇ ವಿಷಯಕ್ಕೆ ಬೈದಿದೆ! ಹಳಗನ್ನಡ ಹಳೆಯ ಕಾವ್ಯಗಳಲ್ಲಿದ್ರೆ ಸೊಗಸು, ಈಗ ತಂದು ತುರುಕಿದ್ರೆ ರಸ ಕೆಡುತ್ತೆ ಅನ್ನುತ್ತೆ. ಅದಕ್ಕೆ ಕೊಡೋ ಹೋಲಿಕೆ ಸ್ವಲ್ಪ ಪೋಲಿ, ಇಲ್ಲಿ ಬೇಡ, ನೀವೇ ಹುಡುಕಿ ಓದಿಕೊಳ್ಳಿ. ಸಂಸ್ಕೃತವನ್ನ ಹೊಂದಿಕೆ ನೋಡದೆ ಕನ್ನಡಕ್ಕೆ ಬೆರೆಸೋದು ಕುದಿಯೋ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅಂತನೂ ಹೇಳುತ್ತೆ. ಸಾವಿರದ ನೂರೈವತ್ತು ಚಿಲ್ಲರೆ ವರ್ಷದ ಹಿಂದೆಯೇ ಯಾರೋ ಎಲೈಗಿರಿಯನ್ನ ಬೈದಿಟ್ಟಿದ್ದಾರೆ ಅಂತ ತಿಳಿದಾಗ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ! ಅಲ್ಲಿ ತಿರುಳ್ಗನ್ನಡದ ನಾಡು ಅಂತ ಹೆಸರಿಸಿರೋ ನಾಲ್ಕು ಊರುಗಳಲ್ಲಿ ಒಂದಾದ ಕಿಸುವೊಳಲು, ಅಂದ್ರೆ ಪಟ್ಟದಕಲ್ಲು, ಇವತ್ತು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ.

ಇನ್ನೊಂದು ಮಾತು. ನಮ್ಮ ಕಡೆ ಕನ್ನಡದಲ್ಲಿ ಏನೇನು ಸೇರಿಕೊಂಡಿದೆ ನೋಡಿ. ಖಬರು, ನಸೀಬು, ತಕರಾರು, ಹಕೀಕತ್ತು, ಹುಕುಂ, ಜಲ್ದಿ, ವಸೂಲಿ. ನಮ್ಮ ಆಯಿ ದಿನಕ್ಕೆ ಹತ್ತು ಸಲ ಆಡೋ ಮಾತುಗಳು. ಜಮಖಂಡಿಯಿಂದ ವಿಜಯಪುರ ಸುಮಾರು 60 ಕಿ.ಮೀ. ಮುಧೋಳದ ಘೋರ್ಪಡೆಗಳು ಆದಿಲ್‌ಶಾಹಿಯ ಸರದಾರರು. ಆಮೇಲೆ ಬಂದ ಜಮಖಂಡಿಯ ಪಟವರ್ಧನರ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ. ಇಷ್ಟೆಲ್ಲ ಆಳಿದವರ ಗುರುತು ಕೋಟೆಯಲ್ಲಿ ಇರೋದಕ್ಕಿಂತ ನಮ್ಮ ನಾಲಿಗೆ ಮೇಲೆ ಹೆಚ್ಚಿದೆ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಬಂಡೆದ್ದಾಗ ಹುಟ್ಟಿದ ಲಾವಣಿಯನ್ನ ಫ್ಲೀಟ್ ಸಾಹೇಬ ಬರೆಸಿಕೊಂಡು ಅಚ್ಚು ಹಾಕಿಸಿದ. ಅದರ ಭಾಷೆ ನಮ್ಮ ಆಯಿಯ ಭಾಷೆಯ ಅಕ್ಕನ ಹಾಗಿದೆ. ಇತಿಹಾಸ ನಡೆದಾಗ ಇತಿಹಾಸದ ಒಳಗಿದ್ದವರು ಹೀಗೇ ಮಾತಾಡಿದ್ದು. ನಮ್ಮ ಈಗಿನ ಮಾತೇ 1565ರ ಮಾತು ಅಂತ ನಾನು ಹೇಳ್ತಿಲ್ಲ. ನಾಲ್ಕೂವರೆ ಶತಮಾನದಲ್ಲಿ ಅದೂ ಬದಲಾಗಿದೆ. ಆದ್ರೆ ಅದು ಬೆಳೆದುಬಂದಿದ್ದು. ಎಲೈಗಿರಿ ಹೊಲಿದು ಹಾಕಿದ್ದು.

ಇಷ್ಟೆಲ್ಲ ತಕರಾರು ಇಟ್ಟುಕೊಂಡು ಪುಸ್ತಕ ಮುಚ್ಚಿಡಬೇಕಿತ್ತು. ಆಗಲಿಲ್ಲ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಓದ್ತಿದ್ದಾಗ ಆಯಿ ಗಟ್ಟಿಯಾಗಿ ಓದು ಅಂದಳು. ಓದಿದೆ. ನಾಲ್ಕು ಪುಟಕ್ಕೊಂದು ಸಲ ನಿಲ್ಲಿಸಿ “ನೋಡಾಯಿ, ಹಿಂಗ ಯಾರರ ಮಾತಾಡ್ತಾರೇನು?” ಅಂತ ಗೊಣಗಿದೆ. ಮೂರನೇ ಸಲಕ್ಕೆ ಅವಳಿಗೆ ಸಿಟ್ಟು ಬಂತು. “ಅಂವಾ ಹ್ಯಾಂಗರ ಮಾತಾಡವಲ್ಲನ್ಯಾಕ, ನಿನಗೇನಾಗಬೇಕಾಗೇದ? ಆ ಹುಡುಗಿ ಏನಾದಳು, ಅದನ್ನ ಓದು.”

ಮತ್ತೆ ಗೊಣಗಲಿಲ್ಲ. ದೊಡ್ಡಾಟ ನೋಡಿ ಬೆಳೆದವಳು ಅವಳು. ಅಲ್ಲಿ ರಾಜ ರಾಜನ ಹಾಗೆಯೇ ಗುಡುಗಬೇಕು, ಇಲ್ಲಾಂದ್ರೆ ಅವನು ರಾಜ ಅಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ದೇವರೇ ನಮ್ಮ ಆಡುಮಾತಿಗಿಳಿದು ಚೇಷ್ಟೆ ಮಾಡ್ತಾನೆ, ಅದೂ ಅವಳಿಗೆ ಸರಿಯೇ. ಮಾತು ಅಂದ್ರೆ ಅವಳ ಲೆಕ್ಕದಲ್ಲಿ ವೇಷದ ಒಂದು ಭಾಗ, ಕಿರೀಟ, ಭುಜಕೀರ್ತಿ ಇದ್ದ ಹಾಗೆ. ರಟ್ಟಿನ ಕಿರೀಟ ಅಂತ ಗೊತ್ತಿದ್ದೂ ಅಳ್ತಾಳೆ. ಮೆಹರ್ಜಾನಳಿಗೂ ಅತ್ತಳು.

ಅವಳ ಅಳು ನೋಡಿ ನಾನು ಬೇರೆ ಥರ ಯೋಚಿಸೋಕೆ ಶುರುಮಾಡಿದೆ. ಗಳಗನಾಥರು ಬರೆದದ್ದು ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದ್ದೇ ಜೋರಿದ್ದ ಮುಂಬೈ ಕರ್ನಾಟಕದಲ್ಲಿ. ಓದು ಬಲ್ಲ ಕನ್ನಡಿಗರು ಕಾದಂಬರಿ ಬೇಕಾದ್ರೆ ಮರಾಠಿಯದ್ದನ್ನೇ ಓದ್ತಿದ್ರು. ರಾಬರ್ಟ್ ಸೀವೆಲ್ ವಿಜಯನಗರದ ಬಗ್ಗೆ 1900ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ‘ಮರೆತುಹೋದ ಸಾಮ್ರಾಜ್ಯ’ ಅಂತ ಇತ್ತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದಿದ್ದು 1917ರಲ್ಲಿ. ಅಂಥಾ ಹೊತ್ತಿನಲ್ಲಿ ಕನ್ನಡದ ರಾಜನೊಬ್ಬ ಕನ್ನಡದಲ್ಲೇ ಗಾಂಭೀರ್ಯದಿಂದ ಮಾತಾಡಬಲ್ಲ ಅಂತ ತೋರಿಸಬೇಕಿತ್ತು. ಮನೆ ಮಾತು ಅದಕ್ಕೆ ಸಾಲದು ಅಂತ ಅನ್ನಿಸಿರಬೇಕು. ಸಂಸ್ಕೃತದ ಜರತಾರಿ ಶಾಲು ಹೊದಿಸಿದ್ರು. ಇವತ್ತು ನನಗೆ ಚುಚ್ಚೋ ಆ ಜರಿ ಆಗ ಮಾನ ಕಾಯ್ತಿತ್ತು. ಆಮೇಲೆ ಕನ್ನಡಕ್ಕೆ ಧೈರ್ಯ ಬಂತು. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗಿನ ಅರಸನ ಕಥೆಯನ್ನ ಎಷ್ಟು ಸರಳವಾಗಿ ಹೇಳಿದ್ರು, ಭೈರಪ್ಪನವರು 1979ರ ‘ಪರ್ವ’ದಲ್ಲಿ ಮಹಾಭಾರತದವರನ್ನ ನಮ್ಮ ನಿಮ್ಮ ಹಾಗೆ ಯೋಚಿಸೋ ಥರ ಮಾಡಿದ್ರು. ಅವರಿಗೆ ಆ ಶಾಲು ಬೇಕಾಗಲಿಲ್ಲ. ಹೊದ್ದು ತೋರಿಸಿದವರು ಮೊದಲೇ ಇದ್ದರು ಅನ್ನೋದೂ ಅದಕ್ಕೆ ಒಂದು ಕಾರಣ ಇರಬಹುದು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೀತು. ಈ ಕಾದಂಬರಿಯಲ್ಲಿ ಮೆಹರ್ಜಾನಳೂ ರಾಮರಾಜನೂ ಆಡೋದು ಒಂದೇ ಕನ್ನಡ. ಅದೇ ಸಂಸ್ಕೃತ, ಅದೇ ಗಾಂಭೀರ್ಯ. ‘ಒಬ್ಬ ಮುಸಲ್ಮಾನ ಹುಡುಗಿ ಹೀಗೆ ಮಾತಾಡ್ತಾಳಾ?’ ಅಂತ ಮೊದಲು ನಕ್ಕಿದ್ದೆ. ಆಮೇಲೆ ನಮ್ಮ ಎಷ್ಟೋ ಸಿನಿಮಾಗಳು ನೆನಪಾದವು. ಅಲ್ಲಿ ‘ಸಹಜವಾಗಿರಲಿ’ ಅಂತ ಮುಸಲ್ಮಾನ ಪಾತ್ರಕ್ಕೆ ಹರಕು ಮುರುಕು ಕನ್ನಡ ಕೊಡ್ತಾರೆ, ಜನ ನಗ್ತಾರೆ. ನಮ್ಮ ಉತ್ತರ ಕರ್ನಾಟಕದವರಿಗೂ ಹಾಗೇ ತಾನೆ, ಕೆಲಸದವನೋ ಪೆದ್ದನೋ ಆದ್ರೆ ಮಾತ್ರ ನಮ್ಮ ಭಾಷೆ! ನಾಟಕದ ದೂತನಾಗಿ ನಾನು ನಗೆಪಾಟಲಾಗಿದ್ದೂ ಅದಕ್ಕೇ. ಗಳಗನಾಥರ ಎಲೈಗಿರಿಯಲ್ಲಿ ಆ ಅವಮಾನ ಇಲ್ಲ. ಸುಳ್ಳಾದ್ರೂ ಎಲ್ಲರಿಗೂ ಒಂದೇ ಸುಳ್ಳು. ಅವಳಿಗೂ ಅವನಷ್ಟೇ ಜರಿಯ ಶಾಲು.

ಕಲ್ಪನೆ ಅಂದೆನಲ್ಲ, ಅದು ನಿಜಕ್ಕೆ ಎಷ್ಟು ಹತ್ತಿರ ಸುಳಿದಾಡಿದೆ ಅಂತಲೂ ನೋಡಿ. ಚಿಕ್ಕ ವಯಸ್ಸಿನಲ್ಲಿ ರಾಮರಾಯ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದ ಅಂತ ಒಂದು ಪರ್ಶಿಯನ್ ಚರಿತ್ರೆ ಹೇಳುತ್ತೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ ಪಟ್ಟಕ್ಕೆ ಬರೋ ಮೊದಲು ಏಳು ವರ್ಷ, 1543ರಿಂದ 1550ರವರೆಗೆ, ಇದೇ ರಾಮರಾಯನ ಆಶ್ರಯದಲ್ಲಿ ವಿಜಯನಗರದಲ್ಲಿದ್ದ. ರಾಮರಾಯನ ಮಗನೊಬ್ಬ ತೀರಿಕೊಂಡಾಗ ವಿಜಾಪುರದ ಅಲಿ ಆದಿಲ್‌ಶಾಹ ತಾನೇ ವಿಜಯನಗರಕ್ಕೆ ಹೋಗಿ ಸಮಾಧಾನ ಹೇಳಿದ, ರಾಮರಾಯನ ಹೆಂಡತಿ ಅವನನ್ನ ಮಗ ಅಂತ ಸ್ವೀಕರಿಸಿದಳು ಅಂತ ಫೆರಿಶ್ತಾ ಬರೆದಿದ್ದಾನೆ. 1565ರಲ್ಲಿ ಅಹಮದನಗರ, ಬೀದರಗಳ ಜೊತೆ ಸೇರಿ ಎದುರು ನಿಂತವರಲ್ಲಿ ಆ ಮಗನೂ ಇದ್ದ, ಆ ಅತಿಥಿಯೂ ಇದ್ದ. ಎರಡು ವರ್ಷದ ಮೇಲೆ, 1567ರಲ್ಲಿ, ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಸೇನೆಯ ಇಬ್ಬರು ಮುಸಲ್ಮಾನ ಸರದಾರರು ತಿರುಗಿಬಿದ್ದಿದ್ದೇ ಸೋಲಿಗೆ ಕಾರಣ ಅಂತ ಬರೆದ.

ಅಂದ್ರೆ ರಣಮಸ್ತಖಾನ ಇರಲಿಲ್ಲ, ಆದ್ರೆ ಎದುರಾಳಿಗಳ ನಡುವೆ ಮಗ ಅನ್ನೋ ಮಾತಿತ್ತು, ಮನೆಯ ಬಳಕೆ ಇತ್ತು. ಕದನವನ್ನ ಎರಡು ಧರ್ಮಗಳ ಲೆಕ್ಕಕ್ಕೆ ಇಳಿಸಿ ಕೈತೊಳೆದುಕೊಳ್ಳೋ ಪಠ್ಯಪುಸ್ತಕಕ್ಕಿಂತ ಈ ಕಟ್ಟುಕಥೆ ಒಂದು ವಿಷಯವನ್ನ ಸರಿಯಾಗಿ ಹಿಡಿದಿದೆ ಅಂತ ನನಗನ್ನಿಸ್ತು: ಕೃಷ್ಣೆಯ ಆಚೆ ಈಚೆ ನಿಂತವರು ಅಪರಿಚಿತರಾಗಿರಲಿಲ್ಲ, ಒಬ್ಬರಿಗೊಬ್ಬರು ಮಾತು ಕೊಟ್ಟು ತಪ್ಪಿದವರು. ಗಿರೀಶ ಕಾರ್ನಾಡರು 2018ರಲ್ಲಿ ಅದೇ ರಾಮರಾಯನ ಮೇಲೆ ‘ರಾಕ್ಷಸ ತಂಗಡಿ’ ನಾಟಕ ಬರೆದರು. ನೂರು ವರ್ಷದ ಮೇಲೂ ಆ ಗಾಯ ಕೆರೀತಾನೇ ಇದೆ ಅಂತಾಯ್ತು.

ಹಾಗಾಗಿ ನನ್ನ ತೀರ್ಪು ಹೀಗೆ: ಪುಸ್ತಕದ ಮಾತು ಏನು ಮುಚ್ಚಿಡುತ್ತೋ ಪುಸ್ತಕದ ಕಥೆ ಅದನ್ನೇ ಬಿಚ್ಚಿಡುತ್ತೆ. ಮಾತು ಅಪ್ಪಟ, ಶುದ್ಧ, ಬೆರಕೆಯಿಲ್ಲದ್ದು ಅನ್ನೋ ಸೋಗು. ಕಥೆ ಪೂರ್ತಿ ಬೆರಕೆಯದ್ದು, ನಮ್ಮ ಆಯಿಯ ಕನ್ನಡದ ಹಾಗೆ. ಸಿಟ್ಟು ಇನ್ನೂ ಇದೆ. ಮತ್ತೆ ಓದಿದ್ರೆ ಮತ್ತೆ ಗೊಣಗ್ತೀನಿ. ಆದ್ರೆ ಮತ್ತೆ ಓದ್ತೀನಿ.

ಹೊರಡೋ ದಿನ ಪುಸ್ತಕ ಬ್ಯಾಗಿಗೆ ಹಾಕಿಕೊಳ್ಳೋಕೆ ಹೋದೆ. ಆಯಿ ಬಿಡಲಿಲ್ಲ. “ಅರ್ಧಾ ಉಳದೈತಿ, ಯಾರ್‍ನರ ಕರೆದು ಓದಸ್ತೀನಿ, ಇಲ್ಲೇ ಇರಲಿ” ಅಂದಳು. ಬಿಟ್ಟುಬಂದೆ. ಪಕ್ಕದ ಮನೆ ಹುಡುಗ ಎಂಟನೇ ಕ್ಲಾಸು, ಸಂಜೆ ಬಂದು ಓದ್ತಾನಂತೆ. ಮೊನ್ನೆ ಫೋನು ಮಾಡಿದಾಗ ಕೇಳಿದೆ, ಹೇಗೆ ಓದ್ತಾನೆ ಅಂತ. ಪುಸ್ತಕದಾಗ ಇದ್ದಂಗ ಓದಾಂಗಿಲ್ಲಂತ, ನಮ್ಮ ಮಾತಿಗೆ ತಿರುವಿ ಹೇಳ್ತಾನಂತ. ರಾಮರಾಜ ಈಗ ತುಬಚಿಯಲ್ಲಿ “ಯಾಕವಾ, ಮಾರಿ ಸಣ್ಣ ಮಾಡ್ಕೊಂಡು ಕುಂತಿ?” ಅಂತ ಕೇಳ್ತಿದ್ದಾನೆ.

ನಿಮ್ಮ ಅಟ್ಟದ ಮೇಲೂ ಇಂಥಾದ್ದೇನಾದ್ರೂ ಇದ್ದೀತು, ಇಳಿಸಿ ನೋಡಿ. ಮಾತಿಗೆ ಸಿಟ್ಟು ಬಂದ್ರೂ ಮುಚ್ಚಿಡಬೇಡಿ. ಆ ಹುಡುಗಿ ಏನಾದಳು ಅಂತ ನೋಡಿ.